282ರಲ್ಲಿ 2: ಐವಿಎಫ್ ಖರ್ಚಿನ ಹಳೇ ಲೆಕ್ಕ

ಊರಿಗೆ ಫೋನ್ ಮಾಡಿದಾಗಲೆಲ್ಲ "ಏನಾದ್ರೂ ವಿಶೇಷ ಇದ್ಯಾ?" ಅಂತ ಕೇಳಿಸಿಕೊಂಡಿರುವವರಿಗೆ ಈ ಕಂತು. ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರುವ ನಿಮಗೆ ಒಂದು ಮಾತು: ಈ 'ವಿಶೇಷ' ಅಂದ್ರೆ ಹೊಸ ಕೆಲಸವೂ ಅಲ್ಲ, ಹೊಸ ಮನೆಯೂ ಅಲ್ಲ. ಬಸುರಿನ ಸುದ್ದಿ.

ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ, ಒಂದು ಎಕ್ಸೆಲ್ ಶೀಟ್ ಇತ್ತು. ಮೊದಲ ಸಾಲಿನಲ್ಲಿ 'ಐವಿಎಫ್, ಒಂದು ಸೈಕಲ್' ಅಂತ ಬರೆದು, ಎದುರಿಗೆ ಕ್ಲಿನಿಕ್ ಹೇಳಿದ ಬೆಲೆ ಹಾಕಿದ್ದೆ. ದಿನಾ ಡೇಟಾ ನೋಡಿ ಸಂಬಳ ತಗೊಳ್ಳುವ ನಾನು ಆ ಸಾಲಿನಲ್ಲೇ ತಪ್ಪು ಮಾಡಿದ್ದೆ. ಅದು ಗೊತ್ತಾಗಿದ್ದು ಈ ಚಿಕಿತ್ಸೆಯ ಇತಿಹಾಸ ಓದಿದಾಗ.

1978ರ ಜುಲೈ 25. ಮ್ಯಾಂಚೆಸ್ಟರ್ ಪಕ್ಕದ ಓಲ್ಡಮ್ ಆಸ್ಪತ್ರೆಯಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ತಾಯಿ ಲೆಸ್ಲಿಯ ಗರ್ಭನಾಳಗಳು ಮುಚ್ಚಿಹೋಗಿದ್ದವು. ತಂದೆ ಜಾನ್ ರೈಲ್ವೆಯಲ್ಲಿ ಕೆಲಸಕ್ಕಿದ್ದವರು. ಬ್ರಿಸ್ಟಲ್‌ನ ಈ ದಂಪತಿಗೆ ಚಿಕಿತ್ಸೆಯ ಖರ್ಚಿಗೆ ಒದಗಿದ್ದು ಜಾನ್ ಫುಟ್‌ಬಾಲ್ ಪೂಲ್ಸ್‌ನಲ್ಲಿ ಗೆದ್ದ 800 ಪೌಂಡ್. ನಮ್ಮ ಕಡೆ ಲಾಟರಿ ಹೊಡೀತು ಅಂತೀವಲ್ಲ, ಹಾಗೆ.

ಸಂಶೋಧನೆಗೂ ಸರ್ಕಾರದ ದುಡ್ಡು ಸಿಗಲಿಲ್ಲ. ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಸಲ್ಲಿಸಿದ್ದ ಅರ್ಜಿಯನ್ನು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1971ರಲ್ಲಿ ತಿರಸ್ಕರಿಸಿತು. ಜನಸಂಖ್ಯೆ ಹೆಚ್ಚುತ್ತಿದೆ ಅನ್ನುವ ಆತಂಕದ ಕಾಲ ಅದು. ಮಕ್ಕಳಾಗದಿರುವುದು ತುರ್ತಿನ ಸಮಸ್ಯೆ ಅಂತ ಯಾರಿಗೂ ಅನಿಸಲಿಲ್ಲ. ಲಿಲಿಯನ್ ಲಿಂಕನ್ ಹೋವೆಲ್ ಎಂಬ ಅಮೆರಿಕದ ಮಹಿಳೆ ಕೊಟ್ಟ ಹಣ ಕೈಹಿಡಿಯಿತು. ಜೀನ್ ಪರ್ಡಿ ಪ್ರಯೋಗಾಲಯ ನೋಡಿಕೊಂಡರು.

ಈಗ ನಾನು ಮರೆತಿದ್ದ ಅಂಕಿಗೆ ಬರೋಣ. 1969ರಿಂದ 1978ರವರೆಗಿನ ಆ ಪ್ರಯತ್ನದಲ್ಲಿ ಪಾಲ್ಗೊಂಡ ಮಹಿಳೆಯರು 282. ಅಂಡಾಣು ತೆಗೆಯಲು ಅವರಿಗೆ ಮಾಡಿದ ಶಸ್ತ್ರಕ್ರಿಯೆಗಳು 457. ಹುಟ್ಟಿದ ಮಕ್ಕಳು ಇಬ್ಬರು. ಶಾಲೆಯಲ್ಲಿ ಭಿನ್ನರಾಶಿ ಕಲಿತಾಗ ಮೇಲಿನದು ಅಂಶ, ಕೆಳಗಿನದು ಛೇದ ಅಂತ ಹೇಳಿಕೊಟ್ಟಿದ್ದರು ನೋಡಿ. ಇತಿಹಾಸ ಅಂಶವನ್ನು ಮಾತ್ರ ಫೋಟೋ ತೆಗೆದು ಇಟ್ಟುಕೊಂಡಿತು. ಬರಿಗೈಯಲ್ಲಿ ಮನೆಗೆ ಹೋದ 280 ಮಂದಿ ಛೇದದಲ್ಲಿ ಉಳಿದುಬಿಟ್ಟರು.

ಇವತ್ತಿನ ಫಲಿತಾಂಶ ಅದಕ್ಕಿಂತ ಎಷ್ಟೋ ಮೇಲು, ನಿಜ. ಆದರೂ ಛೇದ ಮರೆತು ಬಜೆಟ್ ಹಾಕಬೇಡಿ. ಒಂದು ಸೈಕಲ್ಲಿಗೆ ಮೂರರಲ್ಲಿ ಒಂದು ಪಾಲು ಯಶಸ್ಸು ಅಂತ ಸುಮ್ಮನೆ ಇಟ್ಟುಕೊಳ್ಳಿ. ವಯಸ್ಸಾದ ಹಾಗೆ ಇದು ಇಳಿಯುತ್ತೆ. ಮೂರು ಸಲ ಮಾಡಿದರೆ 27 ದಂಪತಿಗಳಲ್ಲಿ 19 ಮಂದಿಗೆ ಮಗು, 8 ಮಂದಿಗೆ ಇಲ್ಲ. ಅಂದ್ರೆ ಒಂದು ಸೈಕಲ್ಲಿನ ಬೆಲೆ ಮಗುವಿನ ಬೆಲೆ ಅಲ್ಲ. ಅದು ಒಂದು ಅವಕಾಶದ ಬೆಲೆ.

ಬ್ರಿಟನ್ನಿಗೂ ಇದು ಅರ್ಥವಾಗೋಕೆ ಸಮಯ ಹಿಡಿಯಿತು. 1980ರಲ್ಲಿ ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಕೇಂಬ್ರಿಜ್ ಹತ್ತಿರ ಬೋರ್ನ್ ಹಾಲ್ ತೆರೆದಾಗ ಅದು ಖಾಸಗಿ ಕ್ಲಿನಿಕ್ಕೇ ಆಗಿತ್ತು. 2004ರಲ್ಲಿ, ಚಿಕಿತ್ಸೆಗಳ ಬಗ್ಗೆ ಎನ್‌ಎಚ್‌ಎಸ್‌ಗೆ ಸಲಹೆ ಕೊಡುವ ನೈಸ್ ಸಂಸ್ಥೆ 23ರಿಂದ 39 ವರ್ಷದ ಅರ್ಹ ಮಹಿಳೆಯರಿಗೆ ಮೂರು ಸೈಕಲ್ ಕೊಡಿ ಅಂದಿತು. ಆದರೆ ದುಡ್ಡು ಸ್ಥಳೀಯ ಆರೋಗ್ಯ ಮಂಡಳಿಗಳ ಕೈಯಲ್ಲಿ. ಇಂಗ್ಲೆಂಡಿನ ಎಷ್ಟೋ ಕಡೆ ಇಂದಿಗೂ ಸಿಗುವುದು ಒಂದೇ. ನಿಮ್ಮ ಪೋಸ್ಟ್‌ಕೋಡ್ ನಿಮ್ಮ ಹಣೆಬರಹ.

ವೀಸಾ ಮೇಲೆ ಬಂದಿರುವವರು ಇದನ್ನೂ ಗಮನಿಸಿ. 2017ರ ಆಗಸ್ಟ್‌ನಿಂದ, ವೀಸಾ ಜತೆ ಆರೋಗ್ಯ ಶುಲ್ಕ ಕಟ್ಟಿದ್ದೀವಿ ಅನ್ನುವ ಆಧಾರದ ಮೇಲೆ ಇಂಗ್ಲೆಂಡಿನಲ್ಲಿ ಉಚಿತ ಐವಿಎಫ್ ಸಿಗುವುದಿಲ್ಲ. 2024ರ ಫೆಬ್ರವರಿಯಿಂದ ದೊಡ್ಡವರಿಗೆ ಆ ಶುಲ್ಕ ವರ್ಷಕ್ಕೆ 1,035 ಪೌಂಡ್. ಕಾಯಂ ವಾಸದ ಅನುಮತಿ ಬರಲಿ, ಆಮೇಲೆ ನೋಡೋಣ ಅಂದ್ರೆ ವಯಸ್ಸು ಕಾಯಲ್ಲ. ಬೆಂಗಳೂರಿಗೆ ಹೋಗಿ ಮಾಡಿಸೋಣ ಅಂದ್ರೆ ವಿಮಾನದ ಟಿಕೆಟ್ಟು, ಸಂಬಳವಿಲ್ಲದ ರಜೆ, ನೆಂಟರ ಪ್ರಶ್ನೆಗಳು ಎಲ್ಲವೂ ಖರ್ಚೇ.

ಹಾಗಾಗಿ ಶೀಟ್ ತೆರೆದರೆ ಸೈಕಲ್ ಜತೆ ಔಷಧಿ, ಸ್ಕ್ಯಾನ್, ಭ್ರೂಣ ಫ್ರೀಜ್ ಮಾಡಿ ಇಡುವ ವಾರ್ಷಿಕ ಬಾಡಿಗೆ, ಅದನ್ನು ಮತ್ತೆ ಗರ್ಭಕ್ಕೆ ಸೇರಿಸುವ ಖರ್ಚು ಎಲ್ಲ ಬರೆಯಿರಿ. ಎಷ್ಟು ಸಲ ಅನ್ನುವುದನ್ನು ಮೊದಲೇ, ಇಬ್ಬರೂ ಕೂತು, ಮನಸ್ಸು ತಣ್ಣಗಿರುವಾಗ ತೀರ್ಮಾನಿಸಿ. ಸೋತ ದಿನ ಸಂಜೆ ಆ ತೀರ್ಮಾನ ತಗೊಳ್ಳಬೇಡಿ. ಆ ಸಂಜೆ ಯಾವ ಸಾಲವೂ ದೊಡ್ಡದಾಗಿ ಕಾಣಲ್ಲ.

ನಮ್ಮ ಶೀಟಿನಲ್ಲಿ ಈಗ ಮೂರು ಸಾಲುಗಳಿವೆ. ಎರಡು ತುಂಬಿವೆ. ಮೂರನೆಯದರ ಕೆಳಗೆ ಇಬ್ಬರೂ ಸೇರಿ ಒಂದು ಗೆರೆ ಎಳೆದಿದ್ದೇವೆ. ಹೋದ ವಾರ ಅಮ್ಮನಿಗೆ ಈ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಈ ಭಾನುವಾರ ಫೋನ್ ಮಾಡಿದಾಗ ಅವರು ವಿಶೇಷ ಕೇಳಲಿಲ್ಲ, "ಊಟ ಆಯ್ತಾ?" ಅಂದ್ರು.