ಬಳಕೆಯಲ್ಲಿಲ್ಲದ ಕ್ರೆಡಿಟ್ ಕಾರ್ಡ್‌ಗಳ ರದ್ದತಿ

ಖಾತೆ ಚಾಲ್ತಿಯಲ್ಲಿದ್ದರೂ ದೀರ್ಘಕಾಲ ಖರೀದಿಗೆ ಉಪಯೋಗಿಸದ ಕಾರ್ಡನ್ನು ಬಳಕೆಯಲ್ಲಿಲ್ಲದ ಕ್ರೆಡಿಟ್ ಕಾರ್ಡ್ ಎನ್ನುತ್ತಾರೆ. ಭಾರತದಲ್ಲಿ ಇಂಥ ಕಾರ್ಡುಗಳು ಕೈಸೇರುವ ದಾರಿ ಹಲವು: ಸಂಬಳದ ಖಾತೆಯ ಜೊತೆಗೆ ಬಂದದ್ದು, ವಿಮಾನ ನಿಲ್ದಾಣದ ಲೌಂಜ್ ಸೌಲಭ್ಯಕ್ಕೆಂದು ಪಡೆದದ್ದು, ಹಬ್ಬದ ರಿಯಾಯಿತಿಯ ಆಸೆಗೆ ಮಾಡಿಸಿದ್ದು. ಕಾರ್ಡನ್ನು ಕತ್ತರಿಸಿ ಎಸೆದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ. ಶುಲ್ಕ, ಬಾಕಿ, ಸಾಲದ ವರದಿಯಲ್ಲಿನ ದಾಖಲೆ ಎಲ್ಲವೂ ಅಂಟಿಕೊಂಡಿರುವುದು ಖಾತೆಗೇ. ಆದ್ದರಿಂದ ಇಟ್ಟುಕೊಳ್ಳುವುದಾಗಲಿ ರದ್ದು ಮಾಡಿಸುವುದಾಗಲಿ, ತಿಳಿದು ಮಾಡಿದ ತೀರ್ಮಾನವಾಗಿರಬೇಕು.

ತೀರ್ಮಾನಕ್ಕೆ ಮುಖ್ಯ ಆಧಾರ ಸಾಲದ ಮಿತಿಯಲ್ಲಿ ಎಷ್ಟು ಪಾಲು ಬಳಕೆಯಾಗುತ್ತಿದೆ ಎಂಬ ಲೆಕ್ಕ. ಒಬ್ಬರ ಬಳಿ 1 ಲಕ್ಷ ಹಾಗೂ 2 ಲಕ್ಷ ರೂಪಾಯಿ ಮಿತಿಯ ಎರಡು ಕಾರ್ಡುಗಳಿವೆ, ತಿಂಗಳಿಗೆ 60,000 ರೂಪಾಯಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಬಳಕೆ ಶೇ 20. ಉಪಯೋಗಿಸದ 2 ಲಕ್ಷದ ಕಾರ್ಡನ್ನು ರದ್ದು ಮಾಡಿಸಿದರೆ ಅದೇ ಖರ್ಚು ಶೇ 60 ಆಗುತ್ತದೆ. ಖರ್ಚು ಒಂದು ರೂಪಾಯಿಯೂ ಹೆಚ್ಚದಿದ್ದರೂ ಸಾಲ ಕೊಡುವವರ ಕಣ್ಣಿಗೆ ಆ ವ್ಯಕ್ತಿ ಸಾಲವನ್ನೇ ನೆಚ್ಚಿಕೊಂಡವರಂತೆ ಕಾಣುತ್ತಾರೆ. ಈ ಪ್ರಮಾಣ ಶೇ 30ರೊಳಗೆ ಇರಲಿ ಎಂಬುದು ವಾಡಿಕೆಯ ಸಲಹೆ, ಅದು ಕಾನೂನೇನಲ್ಲ. ಮನೆಸಾಲಕ್ಕೆ ಅರ್ಜಿ ಹಾಕಲಿರುವವರು ಸಾಲ ಮಂಜೂರಾಗುವವರೆಗೆ ದೊಡ್ಡ ಮಿತಿಯ ಕಾರ್ಡನ್ನು ಮುಟ್ಟದಿರುವುದೇ ಕ್ಷೇಮ. ಆದರೆ ಒಂದೇ ಬ್ಯಾಂಕು ಕೊಟ್ಟ ಎರಡು ಮೂರು ಕಾರ್ಡುಗಳು ಅನೇಕ ವೇಳೆ ಒಂದೇ ಮಿತಿಯನ್ನು ಹಂಚಿಕೊಂಡಿರುತ್ತವೆ. ಆಗ ಅವುಗಳಲ್ಲಿ ಒಂದನ್ನು ಬಿಟ್ಟರೆ ಒಟ್ಟು ಮಿತಿ ಸಾಮಾನ್ಯವಾಗಿ ಕುಗ್ಗುವುದಿಲ್ಲ. ಬ್ಯಾಂಕನ್ನು ಮೊದಲು ಕೇಳಬೇಕಾದದ್ದು ಇದನ್ನೇ.

ಖಾತೆಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಾಲ ಮಾಹಿತಿ ಸಂಸ್ಥೆಗಳು ಸಾಲಗಾರರ ಚರಿತ್ರೆ ನೋಡಿ 300ರಿಂದ 900ರವರೆಗಿನ ಅಂಕ ಕೊಡುತ್ತವೆ. ರದ್ದಾದ ಕಾರ್ಡಿನ ಹಳೆಯ ದಾಖಲೆ ಮರುದಿನವೇ ಅಳಿಸಿಹೋಗುವುದಿಲ್ಲ, ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಹಳೆಯ ಕಾರ್ಡನ್ನು ಮುಚ್ಚಿದೊಡನೆ ಅಂಕ ಕುಸಿದುಬೀಳುತ್ತದೆಂಬ ಭಯ ಅತಿಯಾದದ್ದು. ಹಾಗಿದ್ದರೂ ಶುಲ್ಕವಿಲ್ಲದ, ಎಲ್ಲಕ್ಕಿಂತ ಹಳೆಯ ಕಾರ್ಡನ್ನು ಕಾರಣವಿಲ್ಲದೆ ಬಿಟ್ಟುಕೊಡುವುದರಲ್ಲಿ ಲಾಭವೂ ಇಲ್ಲ.

ಶುಲ್ಕ ಇರುವ ಕಾರ್ಡಿನ ವಿಷಯ ಬೇರೆ. 500 ರೂಪಾಯಿ ವಾರ್ಷಿಕ ಶುಲ್ಕಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 590 ರೂಪಾಯಿ. ಮೊತ್ತ ಸಣ್ಣದು, ಆದರೆ ಕಾರ್ಡನ್ನೇ ಮರೆತವರು ಬಿಲ್ಲನ್ನೂ ಮರೆಯುತ್ತಾರೆ. ಬಾಕಿಗೆ ತಡಪಾವತಿ ಶುಲ್ಕ, ಬಡ್ಡಿ ಸೇರುತ್ತಾ ಹೋಗುತ್ತವೆ. ಕೊನೆಗೆ ಕಾರ್ಡನ್ನು ಒಮ್ಮೆಯೂ ಉಜ್ಜದವರ ಹೆಸರಿಗೂ ಸಾಲದ ವರದಿಯಲ್ಲಿ ಸುಸ್ತಿಯ ಗುರುತು ಬೀಳಬಹುದು. ಇಂಥ ಕಾರ್ಡಿನ ಶುಲ್ಕ ಮನ್ನಾ ಮಾಡುವಂತೆ, ಇಲ್ಲವೇ ಅದನ್ನು ಶುಲ್ಕರಹಿತ ಕಾರ್ಡಾಗಿ ಬದಲಿಸುವಂತೆ ಮೊದಲು ಕೇಳಿನೋಡಬೇಕು. ಒಪ್ಪದಿದ್ದರೆ ರದ್ದು ಮಾಡಿಸುವುದೇ ಸರಿ. ಕೈಯಲ್ಲಿ ಮಿತಿ ಇದೆಯೆಂದರೆ ಖರ್ಚು ಹಿಡಿತ ತಪ್ಪುವವರಿಗಂತೂ ಅಂಕದ ಚಿಂತೆಗಿಂತ ರದ್ದತಿಯೇ ದೊಡ್ಡ ರಕ್ಷಣೆ.

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಹೊರಡಿಸಿದ ನಿರ್ದೇಶನ ಗ್ರಾಹಕರ ಕೈಯನ್ನು ಗಟ್ಟಿ ಮಾಡಿತು. ಅದು ಜುಲೈ 1ರಿಂದ ಜಾರಿಗೆ ಬಂತು. ಬಾಕಿ ಪೂರ್ತಿ ತೀರಿಸಿದವರ ರದ್ದತಿ ಕೋರಿಕೆಯನ್ನು 7 ಕೆಲಸದ ದಿನಗಳಲ್ಲಿ ಈಡೇರಿಸಬೇಕು. ತಪ್ಪಿದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿಯಂತೆ ಕಾರ್ಡುದಾರರಿಗೇ ದಂಡ ಕಟ್ಟಿಕೊಡಬೇಕು. ಸಹಾಯವಾಣಿ, ಇಮೇಲ್, ಜಾಲತಾಣ, ಮೊಬೈಲ್ ಆ್ಯಪ್‌ಗಳ ಮೂಲಕ ಕೋರಿಕೆ ಸ್ವೀಕರಿಸಬೇಕು. ಅಂಚೆಯಲ್ಲೇ ಪತ್ರ ಕಳಿಸಿ ಎಂದು ಹಟ ಹಿಡಿಯುವಂತಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದ ಕಾರ್ಡಿನ ಬಗ್ಗೆ ಕಾರ್ಡುದಾರರಿಗೆ ತಿಳಿಸಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಾಕಿ ಇಲ್ಲದಿರುವಾಗ ಬ್ಯಾಂಕೇ ಅದನ್ನು ಮುಚ್ಚಬೇಕು. ಮಿತಿಯನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಈ ನಿಯಮ ನೆನಪಿರಬೇಕು: ಆಗೊಮ್ಮೆ ಈಗೊಮ್ಮೆ ಮೊಬೈಲ್ ರೀಚಾರ್ಜಿನಂಥ ಸಣ್ಣ ಖರ್ಚು ಮಾಡಿ, ಗಡುವಿನೊಳಗೆ ಬಿಲ್ ಕಟ್ಟಿದರೆ ಕಾರ್ಡು ಚಾಲ್ತಿಯಲ್ಲಿರುತ್ತದೆ. ಉಳಿದ ದಿನಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರಗಳನ್ನು ಆ್ಯಪ್‌ನಲ್ಲಿ ಬಂದ್ ಮಾಡಿಟ್ಟರೆ ವಂಚನೆಯ ಭಯವೂ ಕಡಿಮೆ.

ರದ್ದತಿಗೆ ಮುನ್ನ ರಿವಾರ್ಡ್ ಪಾಯಿಂಟುಗಳನ್ನು ಬಳಸಿಕೊಳ್ಳಬೇಕು, ಕಂತುಗಳನ್ನು ಮುಗಿಸಬೇಕು, ವಿಮೆ, ವಿದ್ಯುತ್ ಬಿಲ್ಲುಗಳ ಸ್ವಯಂ ಪಾವತಿಯನ್ನು ಬೇರೆಡೆಗೆ ಬದಲಿಸಬೇಕು. ಮನೆಮಂದಿಯ ಹೆಸರಿನಲ್ಲಿರುವ ಹೆಚ್ಚುವರಿ ಕಾರ್ಡುಗಳೂ ಮೂಲ ಖಾತೆಯೊಂದಿಗೇ ನಿಲ್ಲುತ್ತವೆ. ನಿಶ್ಚಿತ ಠೇವಣಿಯ ಮೇಲೆ ಪಡೆದ ಕಾರ್ಡಾದರೆ ಠೇವಣಿಯ ಮೇಲಿನ ಹಿಡಿತ ತೆರವಾಯಿತೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಬಾಕಿ ಇಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯುವುದು ಅತ್ಯಗತ್ಯ. ಒಂದೆರಡು ತಿಂಗಳ ಬಳಿಕ ಸಾಲದ ವರದಿ ತರಿಸಿ ನೋಡಬೇಕು. ಪ್ರತಿ ಸಾಲ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡುತ್ತದೆ. ಅಲ್ಲಿ ಖಾತೆಯ ಮುಂದೆ ‘ಕ್ಲೋಸ್ಡ್’ ಎಂದಿರಬೇಕು. ‘ಸೆಟಲ್ಡ್’ ಎಂದಿದ್ದರೆ ಪೂರ್ತಿ ಹಣ ಕಟ್ಟದೆ ರಾಜಿಯಾದವರೆಂಬ ಅರ್ಥ ಬರುತ್ತದೆ, ಮುಂದಿನ ಸಾಲಕ್ಕೆ ಅದು ದೊಡ್ಡ ಅಡ್ಡಿ. ತಪ್ಪು ಕಂಡರೆ ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.