ದಮ್‌ದಮ್ ಗುಂಡಿನ ಕಥೆ

ಅಮೆರಿಕಕ್ಕೆ ಬಂದ ನಮಗೆ ಕಂಡ ವಿಚಿತ್ರಗಳಲ್ಲಿ ಬಂದೂಕಿನ ಅಂಗಡಿಯೂ ಒಂದು. ಊರಿನಲ್ಲಿ ಪೊಲೀಸರ ಸೊಂಟದಲ್ಲಷ್ಟೇ ನೋಡಿದ್ದ ರಿವಾಲ್ವರ್ ಇಲ್ಲಿ ಗಾಜಿನ ಕಪಾಟಿನಲ್ಲಿ ಮಾರಾಟಕ್ಕಿದೆ. ನಮ್ಮವರಲ್ಲಿ ಕೆಲವರು ಆತ್ಮರಕ್ಷಣೆಗೆಂದು ಕೊಳ್ಳುತ್ತಾರೆ. ಹಲವರಿಗೆ ಅದರ ಹೆಸರೆತ್ತಿದರೇ ಭಯ. ಕೊಂಡವರೂ ಕೊಳ್ಳದವರೂ ತಿಳಿಯಬೇಕಾದ ಇತಿಹಾಸವೊಂದಿದೆ. ಯುದ್ಧದಲ್ಲಿ ನಿಷಿದ್ಧವಾದ ಗುಂಡು ಊರೊಳಗೆ ಸರಿಯೆನಿಸಿದ್ದು ಹೇಗೆ?

ಈ ಕಥೆಯ ಆರಂಭ ಭಾರತದಲ್ಲಿ. ಇಂದು ಕಲ್ಕತ್ತೆಯ ವಿಮಾನ ನಿಲ್ದಾಣವಿರುವ ದಮ್‌ದಮ್‌ನಲ್ಲಿ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆಯಿತ್ತು. 1895ರ ಚಿತ್ರಾಲ್ ಕಾಳಗದ ನಂತರ, ಹೊಸ ರೈಫಲ್ಲಿನ ಗುಂಡು ಸೂಜಿಯಂತೆ ಮೈ ತೂರಿ ಹೋಗುತ್ತದೆ, ಎದುರಾಳಿ ಮಾತ್ರ ನಿಲ್ಲುವುದಿಲ್ಲ ಎಂಬ ದೂರು ಬಂತು. ಕಾರ್ಖಾನೆಯ ಕ್ಯಾಪ್ಟನ್ ಬರ್ಟಿ-ಕ್ಲೇ ಗುಂಡಿನ ಮೂತಿಯ ಲೋಹದ ಹೊದಿಕೆಯನ್ನು ಬಿಡಿಸಿ, ಒಳಗಿನ ಸೀಸ ತೆರೆದಿರುವಂತೆ ಮಾಡಿದರು. ಅಂಥ ಗುಂಡು ಮೈಗೆ ತಗುಲಿದೊಡನೆ ಅಣಬೆಯಂತೆ ಅರಳುತ್ತಿತ್ತು. ಇದು ಕ್ರೂರವೆಂದು 1899ರ ಹೇಗ್ ಶಾಂತಿ ಸಮ್ಮೇಳನ ನಿಷೇಧಿಸಿತು. ಬ್ರಿಟನ್ 1907ರಲ್ಲಿ ಒಪ್ಪಿತು. ಆದರೆ ಆ ಘೋಷಣೆ ರಾಷ್ಟ್ರಗಳ ನಡುವಿನ ಯುದ್ಧಕ್ಕೆ ಮಾತ್ರ. ಪೊಲೀಸರಿಗಾಗಲಿ ಗೃಹಸ್ಥರಿಗಾಗಲಿ ಅನ್ವಯಿಸದು.

ಇತ್ತ ಅಮೆರಿಕದಲ್ಲಿ ಪಾಯಿಂಟ್ 38 ಸ್ಪೆಷಲ್ ತೋಟಾ ಬಳಕೆಗೆ ಬಂದಿತ್ತು. ಅದಕ್ಕೆಂದು ಕೋಲ್ಟ್ ಕಂಪನಿ 1927ರಲ್ಲಿ ಡಿಟೆಕ್ಟಿವ್ ಸ್ಪೆಷಲ್ಲನ್ನೂ, ಸ್ಮಿತ್ ಅಂಡ್ ವೆಸನ್ 1950ರಲ್ಲಿ ಐದು ಗುಂಡಿನ ಚೀಫ್ಸ್ ಸ್ಪೆಷಲ್ಲನ್ನೂ ಹೊರತಂದವು. ಕೋಟಿನ ಜೇಬಿಗೆ ಹಿಡಿಸುವ ಈ ರಿವಾಲ್ವರುಗಳಿಗೆ ಬಹುಕಾಲ ತುಂಬುತ್ತಿದ್ದುದು 158 ಗ್ರೇನ್ ತೂಕದ, ದುಂಡು ಮೂತಿಯ ಸೀಸದ ಗುಂಡು. ಅದು ಅರಳದು, ಒಬ್ಬನನ್ನು ತೂರಿ ಹಿಂದಿದ್ದವನಿಗೂ ತಗುಲಬಹುದು. 1970ರ ದಶಕದಲ್ಲಿ ಎಫ್‌ಬಿಐ ಅದೇ ತೂಕದ, ಮೂತಿಯಲ್ಲಿ ಕುಳಿಯಿರುವ ಮೆದು ಸೀಸದ ಗುಂಡನ್ನು ಆರಿಸಿತು. ನ್ಯೂಯಾರ್ಕ್ ಪೊಲೀಸರು 1998ರಲ್ಲಿ ತಮ್ಮ ಪಿಸ್ತೂಲುಗಳಿಗೆ ಕುಳಿಮೂತಿ ಗುಂಡನ್ನು ಒಪ್ಪಿಕೊಂಡಾಗ ಕೊಟ್ಟ ಕಾರಣವೂ ದಾರಿಹೋಕರ ರಕ್ಷಣೆಯೇ. ಅರಳಿದ ಗುಂಡು ಮೈಯೊಳಗೇ ನಿಲ್ಲುವ ಸಂಭವ ಹೆಚ್ಚು.

ಹಾಗೆಂದು ಬೇಗ ನಿಂತರೂ ಕಷ್ಟ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಮಡಿದರು. ಒಬ್ಬ ದರೋಡೆಕೋರನ ತೋಳನ್ನು ಹಾಯ್ದು ಎದೆ ಹೊಕ್ಕ ಗುಂಡು ಹೃದಯ ಮುಟ್ಟುವ ಮೊದಲೇ ನಿಂತಿತ್ತು. ಅವನು ಹೋರಾಟ ಮುಂದುವರಿಸಿದ. ಆನಂತರ ಎಫ್‌ಬಿಐ ಜೆಲಟಿನ್ ಗಟ್ಟಿಯಲ್ಲಿ ಗುಂಡುಗಳನ್ನು ಪರೀಕ್ಷಿಸಿ, ಕನಿಷ್ಠ 12 ಅಂಗುಲ, ಹೆಚ್ಚೆಂದರೆ 18 ಅಂಗುಲ ಇಳಿಯಬೇಕೆಂಬ ಅಳತೆಯನ್ನು ಹಾಕಿಕೊಂಡಿತು.

ಚಿಕ್ಕ ರಿವಾಲ್ವರಿಗೆ ಈ ಅಳತೆಯನ್ನು ಮುಟ್ಟುವುದೇ ಕಠಿಣ. ಎರಡಂಗುಲದ ನಳಿಗೆಯಲ್ಲಿ ಗುಂಡಿಗೆ ವೇಗ ಸಾಲದು. ದಪ್ಪ ಬಟ್ಟೆಯ ಚೂರು ಕುಳಿಯನ್ನು ತುಂಬಿದರೆ ಗುಂಡು ಅರಳದೆ ದುಂಡು ಮೂತಿಯದರಂತೆಯೇ ವರ್ತಿಸುತ್ತದೆ. ಆದ್ದರಿಂದಲೇ ಸ್ಪಿಯರ್ ಕಂಪನಿ ಗಿಡ್ಡ ನಳಿಗೆಗೆಂದೇ 135 ಗ್ರೇನಿನ ಗುಂಡನ್ನು ರೂಪಿಸಿತು. ಇನ್ನು ಕೆಲವು ಅನುಭವಿಗಳು ಗುರಿ ಅಭ್ಯಾಸದ ಚಪ್ಪಟೆ ಮೂತಿಯ ಗುಂಡನ್ನೇ ಮೆಚ್ಚುತ್ತಾರೆ. ಅದು ಅರಳದು, ಆದರೆ ಕೈಗೆ ಒದೆತ ಕಡಿಮೆ; ಗುರಿ ನಿಲ್ಲುತ್ತದೆ. ಹಗುರ ರಿವಾಲ್ವರಿನಲ್ಲಿ ಇದು ಸಣ್ಣ ಮಾತಲ್ಲ. ಪ್ಲಸ್ ಪಿ ಎಂಬ ಹೆಚ್ಚು ಒತ್ತಡದ ತೋಟಾಗಳನ್ನು ಹಳೆಯ ರಿವಾಲ್ವರಿನಲ್ಲಿ ಬಳಸುವ ಮೊದಲು ತಯಾರಕರ ಸೂಚನೆ ನೋಡಲೇಬೇಕು.

ಆಡಿದ ಮಾತು, ಬಿಟ್ಟ ಬಾಣ ಹಿಂದಕ್ಕೆ ಬಾರವು. ನಮ್ಮ ಇಲ್ಲಿನ ಮನೆಗಳ ಒಳಗೋಡೆಗಳು ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆಗಳು. ಗುರಿ ತಪ್ಪಿದರೆ ಯಾವ ಜಾತಿಯ ಗುಂಡನ್ನೂ ಅವು ತಡೆಯವು. ಗೋಡೆಯ ಆಚೆ ಮಲಗಿರುವುದು ನಮ್ಮದೇ ಮಗು, ಇಲ್ಲವೇ ನೆರೆಯವರ ಮಗು. ಅರಳುವ ಗುಂಡು ಆ ಮಗುವಿನ ಅಪಾಯವನ್ನು ತಗ್ಗಿಸೀತು, ಇಲ್ಲವಾಗಿಸದು. ಆದ್ದರಿಂದ ರಿವಾಲ್ವರ್ ಇಟ್ಟುಕೊಂಡವರು ಮೊದಲು ಬೀಗದ ಪೆಟ್ಟಿಗೆಯನ್ನೂ, ಆಮೇಲೆ ಅಭ್ಯಾಸವನ್ನೂ, ಕಡೆಗೆ ಗುಂಡಿನ ಆಯ್ಕೆಯನ್ನೂ ಯೋಚಿಸಲಿ ಎಂಬುದು ನಮ್ಮ ವಿನಂತಿ.