ಬುಲ್ಡೋಜರ್ (ಹಳೆಯದು, ಹೊಲದ ಕೆಲಸಕ್ಕೆ)

ಉಕ್ಕಿನ ಚೈನಿನ ಮೇಲೆ ಸಾಗುತ್ತ, ಮುಂಭಾಗದ ಬ್ಲೇಡಿನಿಂದ ಮಣ್ಣು ಕೆರೆದು ತಳ್ಳುವ ಯಂತ್ರ ಬುಲ್ಡೋಜರ್. ಸುಮಾರು 6ರಿಂದ 12 ಟನ್ ತೂಕದ, 60ರಿಂದ 120 ಅಶ್ವಶಕ್ತಿಯ ಯಂತ್ರಗಳನ್ನು ಸಣ್ಣವೆಂದು ಎಣಿಸಬಹುದು. ಹೊಸದರ ಬೆಲೆ ರೈತನ ಕೈಗೆ ಎಟುಕುವುದಿಲ್ಲವಾದ್ದರಿಂದ ಹಳ್ಳಿಯ ಕೆಲಸಕ್ಕೆ ಕೊಳ್ಳುವವರು ಸಾಮಾನ್ಯವಾಗಿ ಹಳೆಯದನ್ನೇ ಹುಡುಕುತ್ತಾರೆ.

ಇಲ್ಲಿ ಹೇಳುವುದು ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿ ಸುತ್ತಲಿನ ಹೊಲಗಳ ಕೆಲಸದ ಬಗ್ಗೆ. ಇಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನವರೆಗೆ ಬಹುಪಾಲು ಕೆಂಪು ಮಣ್ಣು. ಅದರಡಿ ಗಟ್ಟಿ ಕಲ್ಲು, ಅಲ್ಲಲ್ಲಿ ಮೇಲೆದ್ದ ಗುಂಡುಬಂಡೆ. ಇಳಿಜಾರು ಹೊಲವನ್ನು ಸಮ ಮಾಡುವುದು, ಬದು ಹಾಕುವುದು, ಕೆರೆಯ ಗೋಡನ್ನು ಹರಡುವುದು, ದ್ರಾಕ್ಷಿ ಅಥವಾ ಹಿಪ್ಪುನೇರಳೆಗೆ ನೆಲ ಸಿದ್ಧಪಡಿಸುವುದು ಡೋಜರ್‌ಗೆ ಒಗ್ಗುವ ಕೆಲಸಗಳು. ನೀಲಗಿರಿ ತೋಪು ತೆಗೆದು ಬೇಸಾಯಕ್ಕೆ ಮರಳುವವರೂ ಇದ್ದಾರೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ನೀಲಗಿರಿಯ ದಪ್ಪ ಬೊಡ್ಡೆಗಳನ್ನು ಸಣ್ಣ ಡೋಜರ್‌ನಿಂದ ಕೀಳಿಸುವುದು ಯಂತ್ರಕ್ಕೆ ಕೊಡುವ ಶಿಕ್ಷೆ. ಅದಕ್ಕೆ ಬಕೆಟ್ಟಿನಿಂದ ಸುತ್ತ ಅಗೆಯುವ ಹಿಟಾಚಿಯೇ ಸರಿ. ಮಣ್ಣನ್ನು ನೂರು ಮೀಟರಿಗಿಂತ ದೂರ ಒಯ್ಯಬೇಕಾದಾಗಲೂ ಡೋಜರ್ ದುಬಾರಿ. ಅಲ್ಲಿ ಟಿಪ್ಪರ್ ಬೇಕು.

ಬುಲ್ಡೋಜರ್ ತಯಾರಿಕೆಯಲ್ಲಿ ಈ ಸೀಮೆಗೆ ತನ್ನದೇ ನಂಟಿದೆ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನ ಡೋಜರ್‌ಗಳು ಪಕ್ಕದ ಕೋಲಾರ ಜಿಲ್ಲೆಯ ಕೆಜಿಎಫ್ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಜಪಾನಿನ ಕೊಮಾಟ್ಸು ಸಹಯೋಗದಿಂದ ಬಂದ ಮಾದರಿಗಳಲ್ಲಿ ಡಿ-50 ಸಣ್ಣದು. ಡಿ-80, ಡಿ-155 ಗಣಿ, ಅಣೆಕಟ್ಟೆಗಳಿಗೆ ತಕ್ಕವು. ಸರ್ಕಾರಿ ಸಂಸ್ಥೆಗಳು ವಿಲೇವಾರಿ ಮಾಡುವ ಯಂತ್ರಗಳು ಸರ್ಕಾರಿ ಕಂಪನಿಯಾದ ಎಂಎಸ್‌ಟಿಸಿಯ ಇ-ಹರಾಜಿಗೆ ಬರುವುದುಂಟು. ಅಲ್ಲಿ ಮಾಲು ಇದ್ದ ಸ್ಥಿತಿಯಲ್ಲೇ ಕೊಡುತ್ತಾರೆ, ಆಮೇಲಿನ ತಕರಾರು ನಡೆಯುವುದಿಲ್ಲ.

ಕೊಳ್ಳುವವನು ಮೊದಲು ನೋಡಬೇಕಾದದ್ದು ಇಂಜಿನ್ ಅಲ್ಲ, ಚೈನು. ಚೈನಿನ ಯಂತ್ರದ ಜೀವಮಾನದ ರಿಪೇರಿ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಅದರ ಅಡಿಭಾಗಕ್ಕೇ ಹೋಗುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಸೂಜಿಯಂತೆ ಚೂಪಾಗಿದ್ದರೆ ಅದರ ಜೊತೆ ಪಿನ್ನು, ಬುಷ್ಷುಗಳೂ ಸವೆದಿವೆ ಎಂದರ್ಥ. ಬುಷ್ಷು ಒಂದೇ ಕಡೆ ಸವೆದಿದ್ದರೆ ವರ್ಕ್‌ಶಾಪಿನಲ್ಲಿ ಅರ್ಧ ಸುತ್ತು ತಿರುಗಿಸಿ ಇನ್ನಷ್ಟು ಕಾಲ ಓಡಿಸಬಹುದು. ಅದನ್ನು ಈಗಾಗಲೇ ಒಮ್ಮೆ ತಿರುಗಿಸಿಯಾಗಿದ್ದರೆ ಮುಂದಿನದು ಹೊಸ ಚೈನೇ. ರೋಲರ್‌ಗಳಲ್ಲಿ ಎಣ್ಣೆ ಸೋರಿದೆಯೇ, ಶೂಗಳ ಏಣು ನೆಲ ಕಚ್ಚುವಷ್ಟು ಉಳಿದಿದೆಯೇ ಎಂದು ಬಗ್ಗಿ ನೋಡಬೇಕು. ಹೊಸ ಹಳದಿ ಬಣ್ಣ ಬಳಿದ ಗಾಡಿಯಲ್ಲಂತೂ ಇದನ್ನು ಎರಡು ಸಲ ನೋಡುವುದು ಒಳ್ಳೆಯದು.

ಇಂಜಿನ್ನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಹೊಗೆ ಬುಸುಗುಟ್ಟಿ ಬರುವುದು ಪಿಸ್ಟನ್ ರಿಂಗು, ಲೈನರ್ ಸವೆದ ಲಕ್ಷಣ. ಬ್ಲೇಡನ್ನು ಎತ್ತಿ ನಿಲ್ಲಿಸಿದಾಗ ತಾನಾಗಿ ಬೇಗ ಇಳಿದರೆ ಹೈಡ್ರಾಲಿಕ್ ಸೀಲು ಅಥವಾ ವಾಲ್ವು ಹೋಗಿದೆ. ಆ ಹೊತ್ತಿನಲ್ಲಿ ಬ್ಲೇಡಿನ ಕೆಳಗೆ ಯಾರೂ ಕೈಕಾಲು ಇಡಬಾರದು. ಎಡಕ್ಕೂ ಬಲಕ್ಕೂ ಒಂದೇ ಸಮನೆ ತಿರುಗದಿದ್ದರೆ ಸ್ಟೀರಿಂಗ್ ಕ್ಲಚ್ಚು, ಬ್ರೇಕು ನೋಡಿಸಬೇಕು. ಗಂಟೆ ಮೀಟರ್ ಬದಲಾಯಿಸುವುದು ಸುಲಭ. ಸವೆದ ಪೆಡಲ್ಲು ಹೇಳುವ ಲೆಕ್ಕ ಅದಕ್ಕಿಂತ ನಂಬಿಕೆಗೆ ಅರ್ಹ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿಗೆ ಬರುವ ನಿರ್ಮಾಣ ಯಂತ್ರಗಳು ಮುಖ್ಯವಾಗಿ ರಬ್ಬರ್ ಚಕ್ರದವು. ಹೀಗಾಗಿ ಉಕ್ಕಿನ ಚೈನಿನ ಡೋಜರ್‌ಗೆ ಸಾಮಾನ್ಯವಾಗಿ ಆರ್‌ಸಿ ಇರುವುದಿಲ್ಲ. ಮೂಲ ಬಿಲ್ಲು, ಯಂತ್ರದ ಮತ್ತು ಇಂಜಿನ್ನಿನ ನಂಬರ್, ಸಾಲ ತೀರಿದ್ದಕ್ಕೆ ಫೈನಾನ್ಸಿನವರ ಎನ್‌ಒಸಿ, ಇವೇ ಒಡೆತನದ ಆಧಾರ. ನಂಬರ್ ತಟ್ಟೆ ಕಿತ್ತ ಗಾಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡುವುದೇ ಲೇಸು. ಡಾಂಬರು ರಸ್ತೆಯಲ್ಲಿ ಓಡಿಸುವಂತಿಲ್ಲದ್ದರಿಂದ ಪ್ರತಿ ಕೆಲಸಕ್ಕೂ ಲೋಬೆಡ್ ಲಾರಿಯ ಬಾಡಿಗೆ ಸೇರುತ್ತದೆ.

ಈ ಭಾಗದಲ್ಲಿ ಮೇಲ್ಮಣ್ಣಿನ ಪದರ ತೆಳ್ಳಗಿರುವುದರಿಂದ ಅದನ್ನು ಮೊದಲು ಒಂದು ಬದಿಗೆ ತಳ್ಳಿಟ್ಟು, ಸಮ ಮಾಡಿದ ಮೇಲೆ ಮತ್ತೆ ಹರಡಿಸಬೇಕು. ಇಲ್ಲದಿದ್ದರೆ ನೋಡಲು ಚೆಂದದ ಹೊಲದಲ್ಲಿ ರಾಗಿಯೂ ಏಳುವುದಿಲ್ಲ. ಒಂದೆರಡು ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಕೆಲಸ ಹಿಡಿಯುವುದು ವಾಡಿಕೆ. ಹಸಿ ಮಣ್ಣಿನಲ್ಲಿ ಓಡಿಸಿದರೆ ನೆಲ ಗಟ್ಟಿಯಾಗುತ್ತದೆ. ರಾಜಕಾಲುವೆ, ಕೆರೆಯಂಗಳ, ಗೋಮಾಳಕ್ಕೆ ಬ್ಲೇಡು ಹಾಯಿಸುವುದು ಕಾನೂನಿಗೆ ವಿರುದ್ಧ.

ಮೂರು ನಾಲ್ಕು ಎಕರೆಯ ರೈತನಿಗೆ ಡೋಜರ್ ಕೊಳ್ಳುವುದು ಲಾಭದ ಮಾತಲ್ಲ. ಗಂಟೆಯ ಲೆಕ್ಕದಲ್ಲಿ ಜೆಸಿಬಿ, ಟ್ರ್ಯಾಕ್ಟರ್ ಮುಂದೆ ಕಟ್ಟುವ ಬ್ಲೇಡು ಅವನಿಗೆ ಸಾಕು. ವರ್ಷವಿಡೀ ಬಾಡಿಗೆ ಕೆಲಸ ಖಾತ್ರಿ ಇರುವವರು, ಜೊತೆಗೆ ನಂಬಿಕಸ್ತ ಆಪರೇಟರ್ ಮತ್ತು ಮೆಕ್ಯಾನಿಕ್ ಇರುವವರು ಮಾತ್ರ ಹಳೆಯ ಯಂತ್ರಕ್ಕೆ ಕೈಹಾಕಬಹುದು.